ಮಕ್ಕಳು ದೊಡ್ಡವರಾದ ಮೇಲೆ ಅಂಡಮಾನ್: ದುಡ್ಡು ಉಳಿಯೋದು ಎಲ್ಲಿ?

ಮಗುವಿಗೆ ಹನ್ನೆರಡು ತುಂಬಿದ ದಿನದಿಂದ ವಿಮಾನದವರ ಲೆಕ್ಕದಲ್ಲಿ ಅದು ದೊಡ್ಡವರ ಸಾಲಿಗೆ ಸೇರಿತು. ಪೂರ್ತಿ ಟಿಕೆಟ್. ಹೆಚ್ಚಿನ ಹೋಟೆಲುಗಳಲ್ಲೂ ಅಷ್ಟೇ, ಹನ್ನೆರಡು ದಾಟಿದರೆ ರಿಯಾಯಿತಿ ಇಲ್ಲ. ಊಟದ ಬಿಲ್ಲಂತೂ ಕೇಳಲೇಬೇಡಿ, ಹದಿನೈದರ ಹುಡುಗ ಅಪ್ಪನಿಗಿಂತ ಎರಡು ರೊಟ್ಟಿ ಜಾಸ್ತಿಯೇ ತಿನ್ನುತ್ತಾನೆ. ಆದರೆ ಪ್ರವಾಸದ ಪ್ಲಾನ್ ಮಾಡುವಾಗ ಮಾತ್ರ ಅವರು ಇನ್ನೂ ಚಿಕ್ಕವರು. ಎಲ್ಲಿಗೆ, ಎಷ್ಟು ದಿನ, ಏನು ನೋಡೋದು ಎಲ್ಲವನ್ನೂ ಅಪ್ಪ ಅಮ್ಮ ಮುಗಿಸಿಟ್ಟಿರುತ್ತಾರೆ.

ಬೆಂಗಳೂರಿನಲ್ಲಿ ಕೂತು ಇಂಥ ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ಮೊದಲ ಫೋನಿನಲ್ಲೇ ಬರುವ ಪ್ರಶ್ನೆ ಒಂದೇ. "ಮೇಡಂ, ನಾವು ನಾಲ್ಕು ಜನ. ಅಂಡಮಾನ್ ಒಂದೂಕಾಲು ಲಕ್ಷದೊಳಗೆ ಆಗುತ್ತಾ?" ಆಗುತ್ತೆ. ಆದರೆ ಪ್ಯಾಕೇಜಿನ ಪಟ್ಟಿಯಲ್ಲಿರುವ ಅಷ್ಟೂ ಜಾಗ ಆಗಲ್ಲ. ಆಗಬೇಕಾಗಿಯೂ ಇಲ್ಲ.

ಜನ ಖರ್ಚು ಕಡಿಮೆ ಮಾಡೋಕೆ ಹೋಟೆಲಿನ ದರ್ಜೆ ಇಳಿಸುತ್ತಾರೆ. ಅಂಡಮಾನಿನಲ್ಲಿ ಅಷ್ಟರಿಂದ ದೊಡ್ಡ ಉಳಿತಾಯ ಆಗಲ್ಲ. ಅಲ್ಲಿ ದುಡ್ಡು ಸೋರುವುದು ಓಡಾಟದಲ್ಲಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನಾಲ್ಕು ಜನರ ದೋಣಿ ಟಿಕೆಟ್, ಜೆಟ್ಟಿಗೆ ಒಂದು ಟ್ಯಾಕ್ಸಿ, ಇಳಿದ ಮೇಲೆ ಇನ್ನೊಂದು ಟ್ಯಾಕ್ಸಿ, ಮಧ್ಯೆ ಅರ್ಧ ದಿನ ಖಾಲಿ. ಅರ್ಧ ದಿನ ಅಂದರೆ ಅರ್ಧ ರೂಮ್ ಬಾಡಿಗೆ ಅಂತಲೇ ಲೆಕ್ಕ. ಐದು ರಾತ್ರಿಗೆ ಮೂರು ದ್ವೀಪ, ಜೊತೆಗೆ ಸುಣ್ಣಕಲ್ಲಿನ ಗುಹೆಗಳಿರುವ ಬಾರಾಟಾಂಗ್ ಅಂತ ತುಂಬಿಸಿದ ಪ್ಯಾಕೇಜಿನಲ್ಲಿ ಮಕ್ಕಳು ಸಮುದ್ರಕ್ಕಿಂತ ಜಾಸ್ತಿ ಕಾಯುವ ಕೋಣೆಗಳನ್ನೇ ನೋಡಿರುತ್ತಾರೆ.

ನನ್ನ ಲೆಕ್ಕ ಹೀಗೆ. ಸೀಸನ್ ನೆತ್ತಿಗೇರದ ದಿನಗಳಲ್ಲಿ, ಎರಡು ಮೂರು ತಿಂಗಳು ಮೊದಲೇ ತೆಗೆದರೆ ಬೆಂಗಳೂರಿನಿಂದ ಹೋಗಿಬರುವ ಟಿಕೆಟ್ ತಲೆಗೆ 13,000 ರೂಪಾಯಿಯ ಆಸುಪಾಸಿನಲ್ಲಿ ಹಿಡಿಯಬಹುದು. ನಾಲ್ಕು ಜನಕ್ಕೆ 52,000. ಇಡೀ ಖರ್ಚಿನ ಐದರಲ್ಲಿ ಎರಡು ಪಾಲು ಇಲ್ಲೇ ಹೋಯಿತು. ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಖಾಸಗಿ ದೋಣಿಯಲ್ಲಿ ಹೋಗಿಬಂದರೆ 12,000ದಿಂದ 14,000. ಸಾಧಾರಣ ಗೆಸ್ಟ್ ಹೌಸಿನಲ್ಲಿ ಎರಡು ರೂಮ್, ಐದು ರಾತ್ರಿ, 25,000. ಊಟ ತಿಂಡಿ 15,000. ಮಕ್ಕಳಿಬ್ಬರ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗೋದು, 9,000ದಿಂದ 10,000. ಉಳಿದದ್ದು ಸ್ಥಳೀಯ ಓಡಾಟಕ್ಕೆ. ದರ ಏರುತ್ತೆ, ಇಳಿಯುತ್ತೆ. ಆದರೆ ಯಾವುದು ಎಷ್ಟು ತಿನ್ನುತ್ತದೆ ಅನ್ನೋ ಅಂದಾಜು ಹೆಚ್ಚುಕಮ್ಮಿ ಇದೇ.

ಆದ್ದರಿಂದ ನಾನು ಹೇಳುವುದು: ಹ್ಯಾವ್‌ಲಾಕ್‌ನಲ್ಲಿ ಮೂರು ರಾತ್ರಿ, ಪೋರ್ಟ್ ಬ್ಲೇರ್‌ನಲ್ಲಿ ಎರಡು. ಅಷ್ಟೇ. ಆ ಎರಡು ರಾತ್ರಿ ಕೊನೆಗಿರಲಿ. ಗಾಳಿ ಜೋರಾದರೆ ದೋಣಿ ನಿಲ್ಲಿಸುತ್ತಾರೆ. ನಾಳೆ ವಿಮಾನ ಇಟ್ಟುಕೊಂಡು ಇವತ್ತು ರಾತ್ರಿ ಹ್ಯಾವ್‌ಲಾಕ್‌ನಲ್ಲಿ ಮಲಗುವುದು ಜೂಜು, ನಾಲ್ಕು ಹೊಸ ಟಿಕೆಟ್ ತೆಗೆಯುವ ಜೂಜು. ಹೋಗುವಾಗ ಬೆಳಗಿನ ವಿಮಾನ ಸಿಕ್ಕಿದರೆ ಇಳಿದವರೇ ಮಧ್ಯಾಹ್ನದ ದೋಣಿ ಹಿಡಿಯಬಹುದು. ನಡುವೆ ಮೂರು ಗಂಟೆಯಾದರೂ ಬಿಡುವು ಇರಲಿ.

ಹೆಸರಿನ ವಿಷಯ ಒಂದು ಹೇಳಿಬಿಡುತ್ತೇನೆ. 2018ರ ಕೊನೆಯಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ್ ಆಯಿತು, ಪಕ್ಕದ ನೀಲ್ ದ್ವೀಪ ಶಹೀದ್ ದ್ವೀಪ್ ಆಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ದೋಣಿಯ ಟಿಕೆಟಿನಲ್ಲಿ ಹೊಸ ಹೆಸರು, ಆಟೋದವರ ಬಾಯಲ್ಲಿ ಹಳೆಯ ಹೆಸರು. ಬೇರೆ ಊರಿಗೆ ಬುಕ್ ಆಯಿತು ಅಂತ ಗಾಬರಿ ಬೀಳಬೇಡಿ.

ಯಾವಾಗ ಹೋಗೋದು? ನಮ್ಮ ಶಾಲೆಗಳ ಕ್ಯಾಲೆಂಡರ್ ಹಿಡಿದು ನೋಡಿದರೆ ಮೂರು ಸಂದು ಸಿಗುತ್ತವೆ. ದಸರಾ ರಜೆ ನೋಡೋಕೆ ಚೆನ್ನಾಗಿದೆ, ಆದರೆ ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಇನ್ನೂ ಹೋಗಿರಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹವಾಮಾನ ಚಿನ್ನ, ದರವೂ ಚಿನ್ನದ್ದೇ. ನಾನು ಕೈ ತೋರಿಸುವುದು ಏಪ್ರಿಲ್‌ಗೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಮುಗಿದಿರುತ್ತೆ, ಸಮುದ್ರ ಶಾಂತ, ನೀರು ತಿಳಿ. ಸೆಕೆ ಇದೆ ನಿಜ. ನೀರಲ್ಲೇ ಇರೋಕೆ ತಾನೇ ಹೋಗ್ತಿರೋದು? ಮೇ ಮಧ್ಯಕ್ಕೆ ಮುಂಗಾರು ಶುರುವಾಗುತ್ತೆ, ಅಷ್ಟರೊಳಗೆ ಮುಗಿಸಿ.

ಇನ್ನು ದಿನದ ವೇಳೆ. ಇದನ್ನು ಯಾವ ಪ್ಯಾಕೇಜೂ ಹೇಳಲ್ಲ, ಹದಿಹರೆಯದವರಿದ್ದ ಮನೆಗೆ ಇದೇ ಮುಖ್ಯ. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಏಪ್ರಿಲ್‌ನಲ್ಲಿ ಬೆಳಗ್ಗೆ ಐದೂಕಾಲಿಗೆಲ್ಲ ಬೆಳಕು, ಸಂಜೆ ಐದೂವರೆ ಹೊತ್ತಿಗೆ ಸೂರ್ಯ ಮುಳುಗಿ ಆಯಿತು. ಡಿಸೆಂಬರ್‌ನಲ್ಲಿ ಐದಕ್ಕೇ ಮುಗಿಯಿತು. ಮಕ್ಕಳು ರಜೆ ಅಂತ ಹತ್ತಕ್ಕೆ ಎದ್ದು, ತಿಂಡಿ ತಿಂದು, ಹನ್ನೊಂದೂವರೆಗೆ ಬೀಚಿಗೆ ಇಳಿದರೆ ನೆತ್ತಿ ಸುಡುವ ಬಿಸಿಲು. ನೆರಳು ಬರಲಿ ಅಂತ ಮಲಗಿ ಎದ್ದರೆ ಕತ್ತಲು. ಆಮೇಲೆ ಅಪ್ಪನ ಗೊಣಗಾಟ: "ಇಷ್ಟು ಖರ್ಚು ಮಾಡಿ ಬಂದದ್ದು ನಿದ್ದೆ ಮಾಡೋಕಾ?"

ಇದಕ್ಕೆ ಮನೆಯಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಮೂರು ಬೆಳಗಿನಲ್ಲಿ ಎರಡು ಬೆಳಗ್ಗೆ ಬೇಗ ಏಳೋದು, ಒಂದು ದಿನ ಯಾರೂ ಯಾರನ್ನೂ ಎಬ್ಬಿಸೋದು ಬೇಡ. ಬೇಗ ಏಳುವ ದಿನಕ್ಕೆ ಅವರೇ ಆರಿಸಿದ ಕೆಲಸ ಇರಲಿ. ಸ್ಕೂಬಾ ಆರೂವರೆಗೆ ಅಂದರೆ ಎಂಥ ಸೋಮಾರಿಯೂ ಆರಕ್ಕೆ ಹಲ್ಲುಜ್ಜಿ ನಿಂತಿರುತ್ತಾನೆ. ಅದೇ ಮ್ಯೂಸಿಯಂ ಅಂದು ನೋಡಿ!

ಸ್ಕೂಬಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹತ್ತು ವರ್ಷ ದಾಟಿದ ಮಕ್ಕಳು ತರಬೇತುದಾರರ ಜೊತೆ ಮೊದಲ ಡೈವ್ ಮಾಡಬಹುದು, ಈಜು ಬರಬೇಕಂತಿಲ್ಲ. ಅಸ್ತಮಾ, ಕಿವಿಯ ತೊಂದರೆ, ಫಿಟ್ಸ್ ಇದ್ದರೆ ಬೆಂಗಳೂರಿನಲ್ಲೇ ಡಾಕ್ಟರನ್ನು ಕೇಳಿ. ಅಲ್ಲಿ ಹೋಗಿ ಫಾರಂ ತುಂಬುವಾಗ ಮುಚ್ಚಿಡಬೇಡಿ. ನೆಗಡಿ ಇದ್ದರೆ ಆ ದಿನ ಬಿಡಿ, ಕಿವಿಯ ಒತ್ತಡ ಸರಿಹೊಂದಲ್ಲ. ಒಂದೇ ಡೈವ್ ಆದರೆ ಆಮೇಲೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ವಿಮಾನ ಹತ್ತಬಾರದು. ನೀರಿನ ಒತ್ತಡದಲ್ಲಿ ಮೈಗೆ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಬೇಕು, ವಿಮಾನದಲ್ಲಿ ಒತ್ತಡ ಕಡಿಮೆಯಾದರೆ ಗುಳ್ಳೆಯಾಗಿ ತೊಂದರೆ ಕೊಡುತ್ತೆ. ಅದಕ್ಕೇ ಡೈವ್ ಹ್ಯಾವ್‌ಲಾಕ್‌ನ ಎರಡನೇ ದಿನಕ್ಕೆ ಇಡಿ. ಒಂದು ದಿನ ತಪ್ಪಿದರೂ ಮಾರನೇ ದಿನ ಸಿಗುತ್ತೆ. ಹುಡುಗಿಯರ ಅಮ್ಮಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆಗೂ ಇದೇ ಉತ್ತರ: ಮುಟ್ಟಾದರೆ ಡೈವ್ ಮಾಡಬಾರದು ಅಂತೇನಿಲ್ಲ, ಆದರೆ ದಿನ ಬದಲಿಸುವ ಅವಕಾಶ ಇರಲಿ. ಮಗಳಿಗೆ ಇಷ್ಟವಿಲ್ಲದಿದ್ದರೆ ಅಲ್ಲಿಗೆ ಬಿಡಿ.

ಅಪ್ಪ ಅಮ್ಮನೂ ಡೈವ್ ಮಾಡಲೇಬೇಕು ಅಂತಿಲ್ಲ. ನಾಲ್ಕು ಜನರ ಖರ್ಚು ಎರಡಕ್ಕೆ ಇಳಿಯುತ್ತೆ. ಮಕ್ಕಳಿಗೂ ನಾವೇ ಹೋಗಿಬಂದೆವು ಅನ್ನೋ ಖುಷಿ. ಅಷ್ಟಕ್ಕೂ ನಿಮ್ಮ ಮಗನಿಗೆ ಬೇಕಿರೋದು ದ್ವೀಪವಲ್ಲ, ಸ್ಕೂಬಾ ಒಂದೇ ಅನ್ನೋದಾದರೆ ನನಗೆ ಕಮಿಷನ್ ತಪ್ಪಿದರೂ ಪರವಾಗಿಲ್ಲ, ಮುರ್ಡೇಶ್ವರಕ್ಕೆ ರೈಲು ಹತ್ತಿ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ದೋಣಿ ಹೋಗುತ್ತೆ. ಲಕ್ಷದ್ವೀಪ ಕೇಳುವವರೂ ಇದ್ದಾರೆ. ಚೆಲುವಿನಲ್ಲಿ ಎರಡು ಮಾತಿಲ್ಲ, ಆದರೆ ಅನುಮತಿ ಪತ್ರ ಬೇಕು, ಉಳಿಯುವ ಜಾಗ ಕಡಿಮೆ, ಕಡಿಮೆ ಬಜೆಟ್ಟಿಗೆ ಒಗ್ಗಲ್ಲ.

ದುಡ್ಡಿಲ್ಲದೆ ಸಿಗುವ ಸಮುದ್ರಕ್ಕೆ ಬೇಕಾದ್ದು ಭರತ ಇಳಿತದ ಲೆಕ್ಕ, ಅಂದರೆ ಸಮುದ್ರದ ನೀರು ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನೋದು. ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ, ಬಯಲುಸೀಮೆಯ ನಮಗೆ ಇದು ಹೊಸದು. ಹ್ಯಾವ್‌ಲಾಕ್‌ನ ಪೂರ್ವದ ಕಡೆ, ವಿಜಯನಗರ ಬೀಚಿನ ಎದುರು ರೂಮ್ ತೆಗೆದುಕೊಂಡವರು ಇಳಿತದ ಹೊತ್ತಿಗೆ ಬಂದರೆ ನೀರು ಎಲ್ಲೋ ದೂರ ಹೋಗಿರುತ್ತೆ, ಕಾಲಿಗೆ ಸಿಗುವುದು ಹವಳದ ಚೂಪು ಕಲ್ಲು. "ಫೋಟೋದಲ್ಲಿ ಹೀಗಿರಲಿಲ್ಲ" ಅಂತ ಅಲ್ಲಿಂದಲೇ ನನಗೆ ಫೋನು. ಆರು ಗಂಟೆ ಕಾಯಿರಿ, ಫೋಟೋದಲ್ಲಿದ್ದ ಹಾಗೇ ಆಗುತ್ತೆ. ಪ್ರತಿ ದಿನ ಆ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಯಾವ ಟೈಡ್ ಆ್ಯಪಿನಲ್ಲಾದರೂ ನೋಡಬಹುದು. ಈ ಕೆಲಸ ಮಗಳಿಗೋ ಮಗನಿಗೋ ವಹಿಸಿಬಿಡಿ. ಇಳಿತ ಇದ್ದಾಗ ಪಶ್ಚಿಮದ ರಾಧಾನಗರಕ್ಕೆ ಹೋಗಿ, ಅಲ್ಲಿ ಮರಳು ಮರಳೇ. ಜೆಟ್ಟಿಯಿಂದ ಸರ್ಕಾರಿ ಬಸ್ಸಿದೆ, ಟ್ಯಾಕ್ಸಿಯ ದುಡ್ಡಿನ ಮುಂದೆ ಬಸ್ಸಿನ ಟಿಕೆಟ್ ಚಿಲ್ಲರೆ. ಮನೆಯಿಂದಲೇ ಒಂದು ಒಳ್ಳೆಯ ಸ್ನಾರ್ಕೆಲ್ ಮಾಸ್ಕ್ ಕೊಂಡೊಯ್ದರೆ ಭರತದ ಹೊತ್ತಿಗೆ ರೂಮಿನ ಎದುರೇ ಮೀನು ನೋಡಬಹುದು.

ಇನ್ನೊಂದು ಮಜಾ ಇದೆ. ಕತ್ತಲ ರಾತ್ರಿ ಕಯಾಕ್ ಅನ್ನೋ ಪುಟ್ಟ ದೋಣಿಯಲ್ಲಿ ಹೋದರೆ ಹುಟ್ಟು ಹಾಕಿದ ಕಡೆ ನೀರು ನೀಲಿ ಹೊಳೆಯುತ್ತೆ, ಸೂಕ್ಷ್ಮ ಜೀವಿಗಳ ಬೆಳಕು. ಹ್ಯಾವ್‌ಲಾಕ್‌ನಲ್ಲಿ ಇದಕ್ಕೆ ಕರೆದೊಯ್ಯುವವರಿದ್ದಾರೆ, ಅಗ್ಗವಲ್ಲ. ಚಂದ್ರ ಇಲ್ಲದ ರಾತ್ರಿಯೇ ಬೇಕು. ಅಂದರೆ ಅಮಾವಾಸ್ಯೆಯ ಆಸುಪಾಸು. ಅಮಾವಾಸ್ಯೆಗೆ ಮನೆ ಬಿಡಬಾರದು ಅಂತ ಅಜ್ಜಿ ಹಟ ಹಿಡಿದರೆ ಎರಡು ದಿನ ಮುಂಚೆಯೇ ಹೊರಟುಬಿಡಿ, ಇಬ್ಬರ ಮಾತೂ ಉಳಿಯುತ್ತೆ.

ರೂಮಿನ ವಿಷಯಕ್ಕೆ ಬರೋಣ. "ಒಂದೇ ರೂಮ್, ಎರಡು ಎಕ್ಸ್‌ಟ್ರಾ ಬೆಡ್ ಹಾಕಿಸಿ" ಅನ್ನೋದು ಮಕ್ಕಳು ಏಳು ವರ್ಷದವರಿದ್ದಾಗಿನ ಅಭ್ಯಾಸ. ಎಕ್ಸ್‌ಟ್ರಾ ಬೆಡ್ ಅಂದರೆ ಸಾಮಾನ್ಯವಾಗಿ ಮಂಚಕ್ಕೂ ಬಾತ್‌ರೂಮಿನ ಬಾಗಿಲಿಗೂ ಮಧ್ಯೆ ನೆಲಕ್ಕೆ ಹಾಕುವ ತೆಳು ಹಾಸಿಗೆ. ಐದಡಿ ಒಂಬತ್ತಂಗುಲದ ಹುಡುಗ ಮಲಗಿದರೆ ಪಾದ ಬಾಗಿಲಿಗೆ ತಾಗುತ್ತೆ, ರಾತ್ರಿ ಎದ್ದವರೆಲ್ಲ ಅವನನ್ನು ದಾಟಿಕೊಂಡೇ ಹೋಗಬೇಕು. ಎರಡು ಎಕ್ಸ್‌ಟ್ರಾ ಬೆಡ್ಡಿನ ದುಡ್ಡು ಸೇರಿಸಿದರೆ ಪಕ್ಕದ ಗೆಸ್ಟ್ ಹೌಸಿನಲ್ಲಿ ಇನ್ನೊಂದು ರೂಮೇ ಬರುತ್ತೆ ಅನ್ನೋದು ಎಷ್ಟೋ ಸಲ ನಿಜ. ಬೀಚಿಗೆ ತಾಗಿದ ರೆಸಾರ್ಟ್ ಬಿಟ್ಟು ಐದು ನಿಮಿಷ ಒಳಗೆ ಹೋಗಿ. ಅಕ್ಕಪಕ್ಕದ ಎರಡು ರೂಮ್, ಒಂದರಲ್ಲಿ ಮಕ್ಕಳು. ಎಸಿ, ತಿಂಡಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಜನರೇಟರ್ ಇದೆಯಾ ಅಂತಲೂ ಕೇಳಿ.

ಊಟಕ್ಕೆ ಹ್ಯಾವ್‌ಲಾಕ್‌ನ ಪೇಟೆಯಲ್ಲಿ ಬಂಗಾಳಿಗಳ ಅನ್ನ ಮೀನಿನ ಥಾಲಿ ಅಗ್ಗ, ರುಚಿ. ಸಸ್ಯಾಹಾರಿಗಳಿಗೂ ಅನ್ನ, ಬೇಳೆ, ಪಲ್ಯ ಸಿಗುತ್ತೆ. ಪೋರ್ಟ್ ಬ್ಲೇರ್‌ನ ಅಬರ್ಡೀನ್ ಬಜಾರಿನಲ್ಲಿ ಇಡ್ಲಿ ದೋಸೆಗೆ ಬರವಿಲ್ಲ, ಅಲ್ಲಿ ತಮಿಳರು ಬೇಕಾದಷ್ಟಿದ್ದಾರೆ. ಚಟ್ನಿಪುಡಿ ಡಬ್ಬಿ ಸುಮ್ನೆ ಒಂದು ಇರಲಿ.

ಸ್ಕೂಟರ್ ಬಾಡಿಗೆಗೆ ಸಿಗುತ್ತೆ, ದೊಡ್ಡವರಿಗೆ ಅನುಕೂಲ. "ರಸ್ತೆ ಖಾಲಿ ಇದೆ, ಒಂದು ರೌಂಡ್ ಹೊಡೀಲಿ ಬಿಡಿ" ಅಂತ ಹದಿನಾರರ ಮಗನ ಕೈಗೆ ಕೀ ಕೊಡುವ ಅಪ್ಪಂದಿರಿಗೆ ನಾನು ಹೊರಡುವ ಮೊದಲೇ ಹೇಳಿರುತ್ತೇನೆ: ಲೈಸೆನ್ಸಿಲ್ಲದೆ ಬಿದ್ದರೆ ವಿಮೆ ಬರಲ್ಲ. ಸೈಕಲ್ ಕೊಡಿಸಿ. ಆರನೇ ರಾತ್ರಿ ಇದ್ದವರಿಗೆ ಮಾತ್ರ ನಾನು ನೀಲ್ ಸೇರಿಸುವುದು, ಅದೂ ಸೈಕಲ್ಲಿಗಾಗಿಯೇ. ಚಿಕ್ಕ ದ್ವೀಪ, ಹೆಚ್ಚುಕಮ್ಮಿ ಸಪಾಟು, ಮಕ್ಕಳು ತಾವೇ ಸುತ್ತಿ ಬರಬಹುದು. ನೀರಿಗೆ ಮಾತ್ರ ಒಬ್ಬರೇ ಇಳಿಯಬಾರದು. ಅಂಡಮಾನಿನ ಕೆಲವು ಕಡೆ ಉಪ್ಪುನೀರಿನ ಮೊಸಳೆ ಇದೆ. ಎಚ್ಚರಿಕೆಯ ಬೋರ್ಡ್ ಇದ್ದಲ್ಲಿ, ಲೈಫ್‌ಗಾರ್ಡ್ ಬೇಡ ಅಂದಲ್ಲಿ ವಾದ ಬೇಡ.

ದೋಣಿಯಲ್ಲಿ ದುಡ್ಡು ಉಳಿಸಬೇಕೆಂದರೆ ಸರ್ಕಾರಿ ಹಡಗಿದೆ. ಖಾಸಗಿಗಿಂತ ತುಂಬಾ ಅಗ್ಗ, ಸ್ವಲ್ಪ ನಿಧಾನ, ಸುಮಾರು ಎರಡೂವರೆ ಗಂಟೆ. ಡೆಕ್ಕಿನ ಮೇಲೆ ನಿಲ್ಲಬಹುದು, ಮಕ್ಕಳಿಗೆ ಅದೇ ಇಷ್ಟ. ತೊಂದರೆ ಏನೆಂದರೆ ಟಿಕೆಟ್ ಬಿಡುವುದು ಕೆಲವೇ ದಿನ ಮೊದಲು, ಸಿಕ್ಕೇ ಸಿಗುತ್ತೆ ಅಂತಿಲ್ಲ. ಹೋಗುವಾಗ ಖಾಸಗಿ, ಬರುವಾಗ ಸರ್ಕಾರಿಗೆ ಪ್ರಯತ್ನ ಅಂತ ಇಟ್ಟುಕೊಳ್ಳಿ. ವಾಂತಿ ತಡೆಯುವ ಮಾತ್ರೆ ದೋಣಿ ಹತ್ತುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲಲ್ಲ.

ಬಾರಾಟಾಂಗ್ ಬಿಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ನಡುರಾತ್ರಿ ಕಳೆಯುತ್ತಲೇ ಎದ್ದು, ವಾಹನಗಳನ್ನು ಒಟ್ಟಿಗೆ ಸಾಲಾಗಿ ಬಿಡುವ ಕಾನ್ವಾಯ್‌ಗೆ ಕಾದು, ಇಡೀ ದಿನ ಕಾರಿನಲ್ಲಿ ಕೂರಬೇಕು. ದಾರಿ ಹೋಗುವುದು ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನೊಳಗೆ. ಅವರ ಫೋಟೋ ತೆಗೆಯುವುದು ಅಪರಾಧ, ಆದರೂ ಕಾರಿನ ಕಿಟಕಿಗೆ ಮುಖ ಒತ್ತಿ ಮನುಷ್ಯರನ್ನು ಹುಡುಕುವವರೇ ಜಾಸ್ತಿ. ನಮ್ಮ ಮಕ್ಕಳಿಗೆ ಅದನ್ನು ಕಲಿಸಬೇಕಾ? ಆ ದಿನವನ್ನು ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲಿಗೆ ಕೊಡಿ. 1906ರಲ್ಲಿ ಕಟ್ಟಿ ಮುಗಿದ ಜೈಲು. ಹೈಸ್ಕೂಲ್ ಪುಸ್ತಕದಲ್ಲಿ ಕರಿನೀರಿನ ಶಿಕ್ಷೆ ಅಂತ ಓದಿದವರು ಒಂಟಿ ಕೋಣೆಯೊಳಗೆ ನಿಂತು, ಎಣ್ಣೆ ಗಾಣ ನೋಡಿದಾಗ ಫೋನ್ ತಾನಾಗೇ ಜೇಬಿಗೆ ಹೋಗುತ್ತೆ.

ಫೋನ್ ಅಂದ ಮೇಲೆ, 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಎಷ್ಟೋ ಸುಧಾರಿಸಿದೆ. ಹಾಗಂತ ಯುಪಿಐ ಒಂದನ್ನೇ ನಂಬಬೇಡಿ, ನಗದು ಇಟ್ಟುಕೊಳ್ಳಿ. ಬುಕ್ಕಿಂಗ್ ಕ್ರಮ ತಪ್ಪಿಸಬೇಡಿ: ಮೊದಲು ವಿಮಾನ, ಆಮೇಲೆ ದೋಣಿ, ಆಮೇಲೆ ರೂಮ್. ರೂಮ್ ಚೆನ್ನಾಗಿದೆ ಅಂತ ಮೊದಲೇ ಹಿಡಿದು, ಆ ದಿನಕ್ಕೆ ಟಿಕೆಟ್ ದುಪ್ಪಟ್ಟಾದದ್ದು ನೋಡಿ ಕೈ ಹಿಸುಕಿಕೊಳ್ಳುವವರು ಪ್ರತಿ ವರ್ಷ ಸಿಗುತ್ತಾರೆ.

ವಾಪಸು ಹೊರಡುವ ಹಿಂದಿನ ರಾತ್ರಿ ಮಕ್ಕಳ ಬ್ಯಾಗ್ ಒಮ್ಮೆ ಕೊಡವಿ ನೋಡಿ. ಬೀಚಿನಲ್ಲಿ ಹೆಕ್ಕಿದ ಹವಳದ ತುಂಡು, ಚಿಪ್ಪು ಏನಾದರೂ ಇದ್ದರೆ ಅಲ್ಲೇ ಬಿಟ್ಟುಬನ್ನಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮಗು ಆಟಕ್ಕೆ ತಂದಿದ್ದು ಅನ್ನೋ ಮಾತು ನಡೆಯಲ್ಲ. ಅಂಗಡಿಯಲ್ಲಿ ಚಿಪ್ಪಿನ ವಸ್ತು ಕೊಂಡಿದ್ದರೆ ರಸೀದಿ ಕೈಬ್ಯಾಗಿನಲ್ಲೇ ಇರಲಿ.