ನಾಲ್ಕೇ ಬಣ್ಣ ಸಾಕು ಎಂದು ಸಾಧಿಸಲು ಕಂಪ್ಯೂಟರ್ ಯಾಕೆ ಬೇಕಾಯಿತು?

ಪ್ರಶ್ನೆ: ಯಾವ ಮ್ಯಾಪ್ ಕೊಟ್ಟರೂ ನಾಲ್ಕು ಬಣ್ಣದಲ್ಲಿ ತುಂಬಬಹುದು, ಅಕ್ಕಪಕ್ಕದ ಜಾಗಗಳಿಗೆ ಒಂದೇ ಬಣ್ಣ ಬರುವುದಿಲ್ಲ ಎಂದು ಓದಿದ್ದೇನೆ. ಐದು ಜಾಗಗಳು ಎಲ್ಲವೂ ಒಂದಕ್ಕೊಂದು ತಾಗಿಕೊಂಡಿರುವ ಹಾಗೆ ಮ್ಯಾಪ್ ಬರೆಯಲು ಆಗುವುದೇ ಇಲ್ಲ. ಅಂದಮೇಲೆ ನಾಲ್ಕು ಬಣ್ಣ ಸಾಕು ಅಂತಾಯಿತು, ಅಲ್ವಾ? ಇಷ್ಟಕ್ಕೆ ಕಂಪ್ಯೂಟರ್ ಯಾಕೆ?

ಉತ್ತರ: ಐದು ಜಾಗಗಳ ಬಗ್ಗೆ ನೀವು ಹೇಳಿದ್ದು ನಿಜ. ಅದನ್ನು ಸಾಧಿಸುವುದು ಕಷ್ಟವೂ ಅಲ್ಲ. ಆದರೆ ಅದರಿಂದ ನಾಲ್ಕು ಬಣ್ಣ ಸಾಕು ಎಂದು ಬರುವುದಿಲ್ಲ. ಯಾಕೆ ಎಂದು ನಮ್ಮ ದೇಶದ ಮ್ಯಾಪಿನಲ್ಲೇ ನೋಡಬಹುದು.

ಮೊದಲು ನಿಯಮ. ಎರಡು ಜಾಗಗಳ ನಡುವೆ ಗಡಿಗೆರೆ ಇದ್ದರೆ ಬಣ್ಣ ಬೇರೆ ಇರಬೇಕು. ಒಂದು ಚುಕ್ಕಿಯಲ್ಲಿ ಮಾತ್ರ ತಾಗಿದರೆ ಪರವಾಗಿಲ್ಲ. ಪ್ರತಿ ಜಾಗವೂ ಒಂದೇ ತುಂಡಾಗಿರಬೇಕು. ಪುದುಚೇರಿಯ ಹಾಗೆ ತಮಿಳುನಾಡು, ಕೇರಳ, ಆಂಧ್ರದ ಕಡೆ ಚೂರುಚೂರಾಗಿ ಹಂಚಿಹೋದ ಪ್ರದೇಶಗಳಿಗೆ ಈ ಪ್ರಮೇಯ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಈಗ ಕರ್ನಾಟಕ ನೋಡಿ. ಸುತ್ತ ಗೋವಾ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳ. ಇವಕ್ಕೆ ಇದೇ ಸಾಲಿನಲ್ಲಿ ಕೆಂಪು, ಹಸಿರು, ಕೆಂಪು, ಹಸಿರು ಎಂದು ಹಚ್ಚುತ್ತಾ ಹೋಗಿ, ಕರ್ನಾಟಕಕ್ಕೆ ಹಳದಿ ಕೊಟ್ಟರೆ ಮುಗಿಯಿತು. ಮೂರೇ ಬಣ್ಣ.

ಛತ್ತೀಸ್‌ಗಢದಲ್ಲಿ ಹೀಗಾಗುವುದಿಲ್ಲ. ಅದರ ಸುತ್ತ ಮಧ್ಯಪ್ರದೇಶ, ಉತ್ತರಪ್ರದೇಶ, ಜಾರ್ಖಂಡ್, ಒಡಿಶಾ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಮತ್ತೆ ಮಧ್ಯಪ್ರದೇಶ. ಏಳು ರಾಜ್ಯಗಳ ಪೂರ್ತಿ ಸುತ್ತು. ಏಳು ಬೆಸ ಸಂಖ್ಯೆ. ಕೆಂಪು, ಹಸಿರು ಎಂದು ಹಚ್ಚುತ್ತಾ ಬಂದರೆ ಕೊನೆಯಲ್ಲಿ ಮಹಾರಾಷ್ಟ್ರಕ್ಕೂ ಮಧ್ಯಪ್ರದೇಶಕ್ಕೂ ಕೆಂಪೇ ಬರುತ್ತದೆ. ಸುತ್ತಿಗೇ ಮೂರು ಬಣ್ಣ ಬೇಕು, ನಡುವಿನ ಛತ್ತೀಸ್‌ಗಢಕ್ಕೆ ನಾಲ್ಕನೆಯದು. 2014ರಲ್ಲಿ ತೆಲಂಗಾಣ ಆಗುವ ಮೊದಲು ಈ ಸುತ್ತಿನಲ್ಲಿ ಆರೇ ರಾಜ್ಯಗಳಿದ್ದವು, ಆಗ ಛತ್ತೀಸ್‌ಗಢಕ್ಕೂ ಅದರ ನೆರೆಯವರಿಗೂ ಮೂರು ಸಾಕಾಗುತ್ತಿತ್ತು.

ಇನ್ನೊಮ್ಮೆ ನೋಡಿ. ಈ ಎಂಟು ರಾಜ್ಯಗಳಲ್ಲಿ ಯಾವ ನಾಲ್ಕೂ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿಲ್ಲ. ಆದರೂ ನಾಲ್ಕು ಬಣ್ಣ ಬೇಕಾಯಿತು! ಅಂದರೆ ನಾಲ್ಕು ಒಟ್ಟಿಗೆ ತಾಗಿಲ್ಲ ಎನ್ನುವುದರಿಂದ ಮೂರು ಸಾಕು ಎಂದು ಬರಲಿಲ್ಲ. ಹಾಗೆಯೇ ಐದು ಒಟ್ಟಿಗೆ ತಾಗುವುದಿಲ್ಲ ಎನ್ನುವುದರಿಂದ ನಾಲ್ಕು ಸಾಕು ಎಂದೂ ಬರುವುದಿಲ್ಲ. ಬಿಂದು ಮತ್ತು ಗೆರೆಗಳ ಗಣಿತವಾದ ಗ್ರಾಫ್ ಸಿದ್ಧಾಂತದಲ್ಲಿ, ಒಟ್ಟಿಗೆ ತಾಗಿದವುಗಳ ಸಂಖ್ಯೆಗೂ ಬೇಕಾಗುವ ಬಣ್ಣಗಳ ಸಂಖ್ಯೆಗೂ ನಡುವಿನ ಈ ಅಂತರ ಎಷ್ಟು ದೊಡ್ಡದಾಗಬಹುದು ಎಂದು 1955ರಲ್ಲಿ ಗಣಿತಜ್ಞ ಮಿಚೆಲ್ಸ್ಕಿ ತೋರಿಸಿದರು. ಮೂರು ಬಿಂದುಗಳು ಕೂಡ ಒಂದಕ್ಕೊಂದು ಸೇರಿರದ, ಆದರೂ ನೂರು ಬಣ್ಣ ಬೇಡುವ ಗ್ರಾಫ್‌ಗಳಿವೆ. ನೂರರ ಬದಲು ಲಕ್ಷ ಅಂದರೂ ಸಿಗುತ್ತವೆ.

ಗ್ರಾಫ್ ಎಂದರೆ ಇಲ್ಲಿ ಬಿಂದುಗಳು ಮತ್ತು ಅವನ್ನು ಸೇರಿಸುವ ಗೆರೆಗಳು, ಅಷ್ಟೇ. ಪ್ರತಿ ರಾಜ್ಯಕ್ಕೆ ಒಂದು ಬಿಂದು, ಗಡಿ ಹಂಚಿಕೊಂಡವುಗಳ ನಡುವೆ ಒಂದು ಗೆರೆ. ಮ್ಯಾಪಿನಿಂದ ಬಂದ ಗ್ರಾಫಿಗೆ ಒಂದು ವಿಶೇಷ ಗುಣ ಇದೆ. ಗೆರೆಗಳು ಒಂದನ್ನೊಂದು ದಾಟದ ಹಾಗೆ ಅದನ್ನು ಹಾಳೆಯ ಮೇಲೆ ಬರೆಯಬಹುದು. ಉತ್ತರವೆಲ್ಲ ಈ ಗುಣದಿಂದಲೇ ಬರಬೇಕು.

ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರದಿಂದ ಒಂದು ಲೆಕ್ಕ ಸಿಗುತ್ತದೆ. ಹಾಳೆಯ ಮೇಲಿನ ಇಂಥ ಗ್ರಾಫಿನಲ್ಲಿ ಒಂದು ಬಿಂದುವಿಗೆ ಸರಾಸರಿ ಆರಕ್ಕಿಂತ ಕಡಿಮೆ ನೆರೆಯವರು. ಹಾಗಾಗಿ ಐದೋ ಅದಕ್ಕಿಂತ ಕಡಿಮೆಯೋ ನೆರೆಯವರಿರುವ ಒಂದು ಬಿಂದು ಎಲ್ಲಾದರೂ ಇದ್ದೇ ಇರುತ್ತದೆ. ಅದನ್ನು ತೆಗೆದುಹಾಕಿ, ಉಳಿದದ್ದಕ್ಕೆ ಬಣ್ಣ ಹಚ್ಚಿ, ವಾಪಸ್ ಇಡಿ. ನೆರೆಯವರು ಐದು ಬಣ್ಣ ತಿಂದರೂ ಆರನೆಯದು ಉಳಿದಿರುತ್ತದೆ. ಆರು ಬಣ್ಣ ಸಾಕು ಎನ್ನುವುದಕ್ಕೆ ಇಷ್ಟೇ ಸಾಧನೆ (ಪುರಾವೆ).

ಐದಕ್ಕೆ ಇಳಿಯಲು ಇನ್ನೊಂದು ಉಪಾಯ ಬೇಕು. ಆ ಬಿಂದುವಿನ ಸುತ್ತ ಕ್ರಮವಾಗಿ ಕೆಂಪು, ಹಳದಿ, ಹಸಿರು, ನೀಲಿ, ಬಿಳಿ ಇವೆ ಎಂದುಕೊಳ್ಳಿ. ಕೆಂಪು ನೆರೆಯಿಂದ ಹೊರಟು ಕೆಂಪು, ಹಸಿರು ಬಿಂದುಗಳ ಮೇಲೆ ಮಾತ್ರ ನಡೆಯಿರಿ. ಹಸಿರು ನೆರೆಯನ್ನು ಮುಟ್ಟಲಾಗದಿದ್ದರೆ, ನಡೆದ ಜಾಗದಲ್ಲೆಲ್ಲ ಕೆಂಪು ಹಸಿರನ್ನು ಅದಲುಬದಲು ಮಾಡಿ. ನಡುವಿನ ಬಿಂದುವಿಗೆ ಹಚ್ಚಲು ಕೆಂಪು ಸಿಕ್ಕಿತು. ಮುಟ್ಟಿದಿರಿ ಎಂದರೆ, ಆ ದಾರಿ ನಡುವಿನ ಬಿಂದುವಿನ ಜೊತೆ ಸೇರಿ ಒಂದು ಬೇಲಿ ಕಟ್ಟಿದ ಹಾಗಾಯಿತು. ಹಳದಿ ಒಂದು ಕಡೆ, ನೀಲಿ ಇನ್ನೊಂದು ಕಡೆ. ಹಳದಿ, ನೀಲಿ ಬಿಂದುಗಳ ಮೇಲೆ ಮಾತ್ರ ನಡೆದು ಒಂದರಿಂದ ಇನ್ನೊಂದಕ್ಕೆ ಹೋಗಲಾಗುವುದಿಲ್ಲ. ಆ ಜೋಡಿಯನ್ನೇ ಅದಲುಬದಲು ಮಾಡಬಹುದು. ಮುಚ್ಚಿದ ಗೆರೆ ಹಾಳೆಯನ್ನು ಒಳಗು ಹೊರಗು ಎಂದು ಎರಡು ಮಾಡುತ್ತದೆ ಎನ್ನುವ ಟೊಪಾಲಜಿಯ (ಆಕಾರಗಳ ಗಣಿತದ) ಮಾತು ಇಲ್ಲಿ ಕೆಲಸ ಮಾಡಿತು. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು.

ಈ ಉಪಾಯ ಲಂಡನ್ನಿನ ವಕೀಲ ಆಲ್ಫ್ರೆಡ್ ಕೆಂಪ್ ಅವರದು. ಪ್ರಶ್ನೆ ಹುಟ್ಟಿದ್ದು 1852ರಲ್ಲಿ, ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ಹಚ್ಚುತ್ತಿದ್ದ ಫ್ರಾನ್ಸಿಸ್ ಗತ್ರಿಯಿಂದ. 1879ರಲ್ಲಿ ಕೆಂಪ್ ನಾಲ್ಕು ಬಣ್ಣಕ್ಕೇ ಸಾಧನೆ ಪ್ರಕಟಿಸಿದರು. ಹನ್ನೊಂದು ವರ್ಷ ಎಲ್ಲರೂ ಅದನ್ನು ಒಪ್ಪಿದ್ದರು. 1890ರಲ್ಲಿ ಪರ್ಸಿ ಹೀವುಡ್ ತಪ್ಪು ಹಿಡಿದರು. ಐದು ನೆರೆಯವರಿದ್ದಾಗ ಕೆಂಪ್ ಎರಡು ಅದಲುಬದಲನ್ನು ಒಟ್ಟಿಗೆ ಮಾಡಿದ್ದರು. ಬೇರೆಬೇರೆಯಾಗಿ ಎರಡೂ ಸರಿ. ಒಟ್ಟಿಗೆ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸಬಹುದು. ಐದು ಬಣ್ಣದ ಸಾಧನೆ ಮಾತ್ರ ಉಳಿಯಿತು.

ಹೀವುಡ್ ಬೇರೆ ಮೇಲ್ಮೈಗಳನ್ನೂ ನೋಡಿದರು. ನಡುವೆ ತೂತಿರುವ ಉದ್ದಿನ ವಡೆಯ ಮೇಲೆ ಮ್ಯಾಪ್ ಬರೆದರೆ ಎಷ್ಟು ಬಣ್ಣ ಬೇಕು? ಅಲ್ಲಿ ನೆರೆಯವರ ಸರಾಸರಿ ಹೆಚ್ಚೆಂದರೆ ಆರು. ಹಾಗಾಗಿ ಆರಕ್ಕಿಂತ ಜಾಸ್ತಿ ನೆರೆಯವರಿಲ್ಲದ ಬಿಂದು ಇದ್ದೇ ಇರುತ್ತದೆ, ಏಳು ಬಣ್ಣ ಸಾಕು. ಏಳಕ್ಕೆ ಏಳೂ ಒಂದಕ್ಕೊಂದು ತಾಗಿರುವ ಮ್ಯಾಪನ್ನು ಅಲ್ಲಿ ನಿಜವಾಗಿಯೂ ಬರೆಯಬಹುದು, ಹಾಗಾಗಿ ಏಳು ಬೇಕು. ಮುಗಿಯಿತು. ಎಷ್ಟು ತೂತಿದ್ದರೂ ನಡೆಯುವ ಸೂತ್ರವನ್ನು ಹೀವುಡ್ ಕೊಟ್ಟರು. ಅಷ್ಟು ಬಣ್ಣ ನಿಜವಾಗಿಯೂ ಬೇಕು ಎಂದು 1968ರಲ್ಲಿ ರಿಂಗೆಲ್ ಮತ್ತು ಯಂಗ್ಸ್ ಸಾಧಿಸಿದರು.

ನಿಮ್ಮ ಪ್ರಶ್ನೆಯ ಉತ್ತರ ಇಲ್ಲಿದೆ. ವಡೆಯ ಮೇಲೆ ಲೆಕ್ಕವೂ ಏಳು ಎನ್ನುತ್ತದೆ, ಚಿತ್ರವೂ ಏಳು ಎನ್ನುತ್ತದೆ. ಹಾಳೆಯ ಮೇಲೆ ಲೆಕ್ಕ ಆರು ಎನ್ನುತ್ತದೆ, ಚಿತ್ರ ನಾಲ್ಕು ಎನ್ನುತ್ತದೆ. ನಡುವಿನ ಎರಡರಲ್ಲಿ ಒಂದನ್ನು ಕೆಂಪ್ ಉಪಾಯ ಮುಚ್ಚಿತು. ಕೊನೆಯ ಒಂದಕ್ಕೆ ಚುರುಕಾದ ಉಪಾಯ ಯಾವುದೂ ಸಿಗಲಿಲ್ಲ.

ಕೊನೆಗೆ ಒಂದು ಬಿಂದುವಿನ ಬದಲು ಬಿಂದುಗಳ ಗುಂಪುಗಳನ್ನೇ ಹಿಡಿಯಬೇಕಾಯಿತು. ಯಾವ ಮ್ಯಾಪಿನಲ್ಲೂ ಒಂದಾದರೂ ಸಿಕ್ಕೇ ಸಿಗುವಂಥ ಗುಂಪುಗಳ ಪಟ್ಟಿ ಮಾಡಬೇಕು. ಪಟ್ಟಿಯ ಪ್ರತಿ ಗುಂಪನ್ನೂ ತೆಗೆದು, ಉಳಿದದ್ದಕ್ಕೆ ಬಣ್ಣ ಹಚ್ಚಿ, ವಾಪಸ್ ಇಡಲು ಆಗುತ್ತದೆ ಎಂದು ತೋರಿಸಬೇಕು. ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಅಪೆಲ್ ಮತ್ತು ವೋಲ್ಫ್‌ಗಾಂಗ್ ಹಾಕೆನ್ 1976ರಲ್ಲಿ ಇದನ್ನು ಮುಗಿಸಿದರು. ಪಟ್ಟಿಯಲ್ಲಿ ಸಾವಿರಕ್ಕೂ ಜಾಸ್ತಿ ಗುಂಪುಗಳು. ಪ್ರತಿಯೊಂದರ ಅಂಚಿಗೂ ಬಣ್ಣಗಳು ಎಷ್ಟೆಷ್ಟೋ ರೀತಿಯಲ್ಲಿ ಬರಬಹುದು. ಅದನ್ನೆಲ್ಲ ಪರೀಕ್ಷಿಸಲು ಆಗಿನ ಕಂಪ್ಯೂಟರ್‌ಗೆ ಸಾವಿರಕ್ಕೂ ಜಾಸ್ತಿ ಗಂಟೆಯ ಕೆಲಸ ಬಿತ್ತು. ಕೈಯಲ್ಲಿ ಯಾರೂ ಮಾಡಲಾರರು.

ತುಂಬಾ ಜನ ಗಣಿತಜ್ಞರಿಗೆ ಇದು ಹಿಡಿಸಲಿಲ್ಲ. ಓದಿ ಒಪ್ಪಲು ಆಗದ್ದನ್ನು ಸಾಧನೆ ಎನ್ನುವುದು ಹೇಗೆ ಎಂದರು. ಆ ಅಸಮಾಧಾನ ನ್ಯಾಯವಾದದ್ದೇ. ಕೆಂಪ್ ಸಾಧನೆಯನ್ನು ಓದಿ ಒಪ್ಪಿದವರೂ ಹನ್ನೊಂದು ವರ್ಷ ತಪ್ಪು ಕಂಡಿರಲಿಲ್ಲ ಎನ್ನುವುದೂ ಅಷ್ಟೇ ನಿಜ. 1997ರಲ್ಲಿ ರಾಬರ್ಟ್‌ಸನ್, ಸ್ಯಾಂಡರ್ಸ್, ಸೀಮೋರ್, ಥಾಮಸ್ ಪಟ್ಟಿಯನ್ನು 633ಕ್ಕೆ ಇಳಿಸಿದ ಹೊಸ ಸಾಧನೆ ಪ್ರಕಟಿಸಿದರು. 2005ರಲ್ಲಿ ಜಾರ್ಜ್ ಗೋಂತಿಯೆ ಇಡೀ ಸಾಧನೆಯನ್ನು ಕಾಕ್ ಎನ್ನುವ ಸಾಫ್ಟ್‌ವೇರ್‌ನಲ್ಲಿ ಬರೆದು, ಒಂದೊಂದು ತರ್ಕದ ಹೆಜ್ಜೆಯನ್ನೂ ಪರೀಕ್ಷಿಸಿದರು. ನನ್ನ ಮಟ್ಟಿಗೆ ಅನುಮಾನ ಅಲ್ಲಿಗೆ ಮುಗಿಯಿತು.

ಬಣ್ಣ ಹಚ್ಚಿಕೊಡುವ ಪ್ರೋಗ್ರಾಂ ಬರೆಯಬೇಕೆಂದಿದ್ದರೆ ಇದೂ ಗೊತ್ತಿರಲಿ. ಎರಡು ಬಣ್ಣ ಸಾಕೇ ಎಂದು ಪರೀಕ್ಷಿಸುವುದು ಸುಲಭ. ನಾಲ್ಕು ಬಣ್ಣ ಹಚ್ಚಲು 1997ರ ಸಾಧನೆಯಿಂದಲೇ ಒಳ್ಳೆಯ ಅಲ್ಗಾರಿದಮ್ ಸಿಗುತ್ತದೆ, ಬಿಂದುಗಳ ಸಂಖ್ಯೆಯ ವರ್ಗದಷ್ಟು ಸಮಯ ಸಾಕು. ಆದರೆ ಒಂದು ಮ್ಯಾಪಿಗೆ ಮೂರು ಬಣ್ಣ ಸಾಕೇ ಎಂಬ ಪ್ರಶ್ನೆ ಎನ್‌ಪಿ-ಕಂಪ್ಲೀಟ್, ಅಂದರೆ ಕಂಪ್ಯೂಟರ್‌ಗೆ ತುಂಬಾ ಕಷ್ಟ ಎಂದು ಗುರುತಿಸಿರುವ ಪ್ರಶ್ನೆಗಳ ಸಾಲಿನದು. ಎಲ್ಲ ಮ್ಯಾಪಿಗೂ ಬೇಗ ಉತ್ತರ ಕೊಡುವ ವಿಧಾನ ಇದುವರೆಗೆ ಯಾರಿಗೂ ಸಿಕ್ಕಿಲ್ಲ.