ಪದ ಪರಿಚಯ: ಭೂಪರಂಪರೆ

ಮುಂಬಯಿಯ ಹಳೆಯ ಚಾಳುಗಳಲ್ಲಿ ಬೆಳೆದ ಕನ್ನಡಿಗರ ಅಂಗಾಲಿಗೆ ಶಹಾಬಾದಿ ಫರಶಿಯ ತಂಪು ಇಂದಿಗೂ ನೆನಪಿದೆ. ಬೇಸಗೆಯ ಮಧ್ಯಾಹ್ನ ಚಾಪೆಯನ್ನೂ ಹಾಸದೆ ಅದರ ಮೇಲೆ ಮಲಗಿದವರು ನಾವು. ಆ ಕಲ್ಲು ಬಂದದ್ದು ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ. ಅದು ಸುಣ್ಣಕಲ್ಲು, ಅಲ್ಲಿ ಒಂದು ಕಾಲಕ್ಕೆ ಇದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕುಳಿತು ಗಟ್ಟಿಯಾದದ್ದು. ಆದ್ದರಿಂದಲೇ ಅದು ಹಲಗೆಯಂತೆ ಏಳುತ್ತದೆ.

ಪರಂಪರೆ ಎಂದರೆ ಒಂದರ ಹಿಂದೆ ಒಂದು ಬರುವ ಸಾಲು. ವಂಶಕ್ಕೆ, ಗುರುಶಿಷ್ಯರಿಗೆ ಹೇಳುವ ಈ ಮಾತು ಸುಣ್ಣಕಲ್ಲಿಗೆ ಅಕ್ಷರಶಃ ಒಪ್ಪುತ್ತದೆ. ಭೂಮಿಯ ಕಥೆಯನ್ನು ಹೇಳುವ ಬಂಡೆ, ಪದರ, ಪಳೆಯುಳಿಕೆಗಳಲ್ಲಿ ಮುಂದಿನವರಿಗೆ ಉಳಿಸಲೇಬೇಕಾದವನ್ನು ಭೂಪರಂಪರೆ ಎನ್ನುತ್ತಾರೆ. (ಪಳೆಯುಳಿಕೆ ಎಂಬ ಪದವೂ ಚೆಂದ. ಪಾಲು ಹಾಲಾಯಿತು, ಪೂ ಹೂವಾಯಿತು. ಹಳೆಯದಾಗಬೇಕಿದ್ದ 'ಪಳೆ' ಮಾತ್ರ ಈ ಪದದೊಳಗೆ ಹಾಗೆಯೇ ಉಳಿದುಕೊಂಡಿದೆ.)

ಚಿಪ್ಪು, ಹವಳ, ಸೂಕ್ಷ್ಮಜೀವಿಗಳ ಕವಚಗಳೇ ಅಡಕವಾಗಿ ಎಷ್ಟೋ ಕಡೆ ಸುಣ್ಣಕಲ್ಲಾಗಿದೆ. ಉತ್ತರ ಪ್ರದೇಶದ ಸೋನಭದ್ರ ಜಿಲ್ಲೆಯ ಸಲಖನ್‌ನಲ್ಲಿ, ಈರುಳ್ಳಿಯನ್ನು ಅಡ್ಡ ಕೊಯ್ದಂತೆ ಕಾಣುವ ಸ್ಟ್ರೊಮ್ಯಾಟೊಲೈಟ್ ಸುರುಳಿಗಳಿವೆ. ಸುಮಾರು 140 ಕೋಟಿ ವರ್ಷಗಳ ಹಿಂದೆ ಸೂಕ್ಷ್ಮಜೀವಿಗಳ ಹಾಸು ಕಟ್ಟಿದ ಪದರಗಳು ಅವು. ಫ್ರಾನ್ಸಿನ ದೀನ್ ಪಟ್ಟಣದ ಬಳಿ ಒಂದೇ ಸುಣ್ಣಕಲ್ಲಿನ ಹಾಸಿನಲ್ಲಿ ಅಮೋನೈಟ್ ಎಂಬ, ಈಗ ಅಳಿದುಹೋದ ಕಡಲಜೀವಿಯ 1500ಕ್ಕೂ ಹೆಚ್ಚು ಸುರುಳಿಗಳು ಬಯಲಿಗೆ ತೆರೆದುಕೊಂಡಿವೆ. ಅವನ್ನು ಕೀಳದೆ ಇದ್ದಲ್ಲೇ ಕಾಯುತ್ತಾರೆ. ಭೂಮಿಯ ನೆನಪಿಗೂ ಹಕ್ಕುಗಳಿವೆ ಎಂದು 1991ರಲ್ಲಿ ಘೋಷಿಸಿದ್ದೂ ಅದೇ ಊರಿನಲ್ಲಿ.

ಇದ್ದಲ್ಲೇ ಕಾಯುವುದು ಏಕೆ? ಪದರದಿಂದ ಕಿತ್ತ ಪಳೆಯುಳಿಕೆ ತನ್ನ ಸಾಲು ತಪ್ಪುತ್ತದೆ. ಅದರ ಕೆಳಗೆ ಏನಿತ್ತು, ಮೇಲೆ ಏನಿತ್ತು, ಯಾವ ಜೀವಿಗಳ ಜೊತೆ ಬಾಳಿತು ಎಂಬುದು ಕಲ್ಲಿನ ಜೊತೆಗೇ ಹೋಗುತ್ತದೆ. ಕಪಾಟಿನಲ್ಲಿಟ್ಟ ಸುಂದರ ಶಂಖ ಆಗ ಊರು, ಮನೆತನ ಕಳೆದುಕೊಂಡ ಹೆಸರಷ್ಟೇ. ಸುಣ್ಣಕಲ್ಲಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಸಿಮೆಂಟಿನ ಮೂಲವಸ್ತು ಅದೇ. ತಮಿಳುನಾಡಿನ ಅರಿಯಲೂರಿನಲ್ಲಿ ಡೈನೊಸಾರ್ ಕಾಲದ ಸಮುದ್ರಜೀವಿಗಳನ್ನು ಬೆಳಕಿಗೆ ತಂದದ್ದೂ ಗಣಿ, ನುಂಗುವುದೂ ಗಣಿ. ಹಾಗಾಗಿ ಗಣಿ ಬೇಡವೆಂದು ನಾನು ವಾದಿಸುವುದಿಲ್ಲ. ಅಗೆಯುವ ಮೊದಲು ಯಾವ ಗೋಡೆಯನ್ನು ಬಿಡಬೇಕೆಂದು ಗುರುತಿಸಬೇಕು ಎನ್ನುತ್ತೇನೆ.

ನಮ್ಮಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಕೆಲವು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ. ಉಡುಪಿಯವರಿಗೆ ಪರಿಚಿತವಾದ ಸೇಂಟ್ ಮೇರೀಸ್ ದ್ವೀಪ ಅವುಗಳಲ್ಲೊಂದು. ಇಂಥ ತಾಣಗಳಿಗಾಗಿಯೇ ಒಂದು ಕರಡು ಮಸೂದೆಯನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟಿತು.

ಮುಂಬಯಿ ಕಲ್ಲಿನ ಬೆಲೆ ಬಲ್ಲ ಊರು. ಅಂಧೇರಿಯ ಗಿಲ್ಬರ್ಟ್ ಹಿಲ್ ಎಂಬ ಕಪ್ಪು ಬಸಾಲ್ಟ್ ಕಂಬವನ್ನು 2007ರಲ್ಲಿ ಮಹಾನಗರ ಪಾಲಿಕೆ ಪಾರಂಪರಿಕ ಪಟ್ಟಿಗೆ ಸೇರಿಸಿತು, ಆ ಹೊತ್ತಿಗೆ ಸುತ್ತಲಿನ ಗುಡ್ಡವೆಲ್ಲ ಜಲ್ಲಿಯಾಗಿತ್ತು. ನಗರದ ಹಳೆಯ ಕಟ್ಟಡಗಳಿಗೆ ಬಳಸಿದ ಪೋರಬಂದರದ ಕಲ್ಲೂ ಸುಣ್ಣಕಲ್ಲೇ. ಮುಂಬಯಿಯಲ್ಲಿದ್ದ ವೈದ್ಯ ಎಚ್. ಜೆ. ಕಾರ್ಟರ್ 1849ರಲ್ಲಿ ಅದರೊಳಗಿನ ಸೂಕ್ಷ್ಮ ಕವಚಗಳನ್ನು ನೋಡಿ ಅದಕ್ಕೆ ಮಿಲಿಯೊಲೈಟ್ ಎಂದು ಹೆಸರಿಟ್ಟ. ಕೋಟೆ ಭಾಗಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಒಂದು ಭೂತಗನ್ನಡಿ ಜೊತೆಗಿರಲಿ. ಊರಿಗೆ ಹೋದಾಗ ಬಂಡೆಯಲ್ಲಿ ಚಿಪ್ಪಿನ ಅಚ್ಚು ಕಂಡರೆ ಉಳಿ ಹಚ್ಚಬೇಡಿ. ಫೋಟೊ ತೆಗೆದು, ಜಾಗ ಬರೆದುಕೊಂಡು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.