ಫೈಲು ಕೆಟ್ಟಿಲ್ಲ, ಓದುವವರು ಬದಲಾಗಿದ್ದಾರೆ

ಒಂದೇ ಫೈಲು. ಆಫೀಸಿನ ಕಂಪ್ಯೂಟರಿನಲ್ಲಿ ಎರಡು ಪುಟ, ಮನೆಯ ಲ್ಯಾಪ್‌ಟಾಪಿನಲ್ಲಿ ಎರಡೂಕಾಲು ಪುಟ, ಮೊಬೈಲಿನಲ್ಲಿ ತೆರೆದರೆ ಟೇಬಲ್ಲಿನ ಗೆರೆಗಳೆಲ್ಲ ದಿಕ್ಕಾಪಾಲು. ಕನ್ನಡದ ಹಳೆಯ ಫೈಲಾದರೆ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಅಲ್ಲಿ ಅಕ್ಷರಗಳೇ ಇರುವುದಿಲ್ಲ. ಪೌಂಡ್ ಗುರುತು, ತಲೆಯ ಮೇಲೆ ಓರೆ ಗೀಟು ಹೊತ್ತ ಎ, ಅಲ್ಲಲ್ಲಿ ಒಂದೊಂದು ಕ್ಯೂ. 'ಫೈಲು ಕರಪ್ಟ್ ಆಗಿದೆ' ಅಂತ ತೀರ್ಮಾನಿಸಿ ಎಷ್ಟೋ ಜನ ಡಿಲೀಟ್ ಮಾಡಿಬಿಡುತ್ತಾರೆ.

ಸ್ವಲ್ಪ ತಡೆಯಿರಿ. ಇಂಥ ಫೈಲಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಕಂಪ್ಯೂಟರು ಪ್ರತಿ ಅಕ್ಷರವನ್ನೂ ಸಂಖ್ಯೆಯಾಗಿ ಬರೆದಿಡುತ್ತದೆ. ಒಳಗಿನ ಆ ಸಂಖ್ಯೆಗಳು ಬರೆದ ದಿನ ಹೇಗಿದ್ದವೋ ಹಾಗೇ ಇರುತ್ತವೆ. ಆ ಸಂಖ್ಯೆಗಳಿಗೆ ಅರ್ಥ ಹೇಳುವ ಪ್ರೋಗ್ರಾಂ ಬೇರೆಯಾಗಿದೆ, ಅಷ್ಟೇ. ಇಂಗ್ಲಿಷ್ ಫೈಲಿನಲ್ಲಿ ಹೀಗಾದರೆ ಹೆಚ್ಚಾಗಿ ಅಂದ ಕೆಡುತ್ತದೆ. ಕನ್ನಡದ ಹಳೆಯ ಫೈಲಿನಲ್ಲಿ ಮಾತೇ ಕೆಡುತ್ತದೆ. ಯಾಕೆ ಈ ವ್ಯತ್ಯಾಸ ಅನ್ನುವುದೇ ಇಲ್ಲಿರುವ ವಿಷಯ.

ಮೊದಲು ವರ್ಡ್‌ಸ್ಟಾರ್ ಕಾಲಕ್ಕೆ ಹೋಗೋಣ. ಪತ್ರ, ಲೇಖನ ಟೈಪ್ ಮಾಡಲು 1978ರಲ್ಲಿ ಬಂದ ಪ್ರೋಗ್ರಾಂ ಅದು. ಆಗ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಎಂಟು ಬಿಟ್. ಇಂಗ್ಲಿಷಿಗೆ ಏಳೇ ಬಿಟ್ ಸಾಕು. ಉಳಿದ ಆ ಒಂದು ಬಿಟ್ಟನ್ನು ವರ್ಡ್‌ಸ್ಟಾರ್ ಸುಮ್ನೆ ಬಿಡಲಿಲ್ಲ, ಪ್ರತಿ ಪದದ ಕೊನೆಯ ಅಕ್ಷರದ ಮೇಲೆ ಅದರಿಂದ ಗುರುತು ಹಾಕಿಕೊಂಡಿತು. ಪುಟದ ಎರಡೂ ಅಂಚು ಸಮ ಮಾಡುವಾಗ ಪದಗಳ ನಡುವೆ ಜಾಗ ಹಿಗ್ಗಿಸಬೇಕಲ್ಲ, ಆ ಲೆಕ್ಕಕ್ಕೆ. ವರ್ಡ್‌ಸ್ಟಾರಿನ ಒಳಗೆ ಇದು ಯಾರಿಗೂ ಕಾಣುತ್ತಿರಲಿಲ್ಲ. ಅದೇ ಫೈಲನ್ನು ಬೇರೆ ಪ್ರೋಗ್ರಾಂನಲ್ಲಿ ತೆರೆದರೆ ಪ್ರತಿ ಪದದ ಕೊನೆಯ ಅಕ್ಷರವೂ 128 ಹೆಚ್ಚಾಗಿ, ಏನೋ ವಿಚಿತ್ರ ಚಿಹ್ನೆಯಾಗಿ ಕಾಣುತ್ತಿತ್ತು. ಒಂದು ಪ್ರೋಗ್ರಾಂ ತನ್ನ ಅನುಕೂಲಕ್ಕೆ ಮಾಡಿಕೊಂಡ ಗುರುತು ಇನ್ನೊಂದಕ್ಕೆ ಕಸ.

ಮೈಕ್ರೋಸಾಫ್ಟ್ ವರ್ಡ್‌ನ ಡಾಟ್ ಡಾಕ್ ಫೈಲು ಇದನ್ನೇ ಇನ್ನೂ ದೊಡ್ಡ ಮಟ್ಟದಲ್ಲಿ ಮಾಡಿತು. ಆಗಿನ ಕಂಪ್ಯೂಟರುಗಳು ನಿಧಾನ, ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. ಹಾಗಾಗಿ ಪ್ರೋಗ್ರಾಂ ತನ್ನ ಮೆಮೊರಿಯಲ್ಲಿ ಕಡತವನ್ನು ಹೇಗೆ ಜೋಡಿಸಿಕೊಂಡಿತ್ತೋ ಹೆಚ್ಚುಕಡಿಮೆ ಅದೇ ಜೋಡಣೆಯನ್ನು ಡಿಸ್ಕಿಗೆ ಸುರಿಯುವುದು ಬೇಗ ಆಗುವ ಕೆಲಸ. ಶೆಟ್ಟರ ಅಂಗಡಿಯ ಸಾಲದ ಪುಸ್ತಕ ನೋಡಿದ್ದೀರಲ್ಲ, ಬರೆದವರಿಗೆ ಮಾತ್ರ ಸಲೀಸಾಗಿ ಓದಲು ಬರುತ್ತದೆ, ಹಾಗೆ. ಇದರ ಜೊತೆಗೆ 'ಫಾಸ್ಟ್ ಸೇವ್' ಅಂತ ಒಂದು ಸೌಲಭ್ಯ ಬೇರೆ ಇತ್ತು. ನೀವು ಒಂದು ಸಾಲು ತಿದ್ದಿದರೆ ಇಡೀ ಫೈಲನ್ನು ಮತ್ತೆ ಬರೆಯುತ್ತಿರಲಿಲ್ಲ, ತಿದ್ದಿದ್ದನ್ನು ಕೊನೆಗೆ ಅಂಟಿಸಿ, 'ಇಂಥ ಕಡೆ ಹಳೆಯದನ್ನು ಬಿಟ್ಟು ಇದನ್ನು ಓದಿಕೋ' ಅಂತ ಒಂದು ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಅಳಿಸಿದ ಸಾಲು ಪರದೆಯಲ್ಲಿ ಇಲ್ಲ, ಆದರೆ ಫೈಲಿನಲ್ಲಿ ಹಾಗೇ ಇದೆ! ಗುಟ್ಟಿನ ಪತ್ರ ಬರೆಯುವವರಿಗೆ ಇದು ಒಳ್ಳೆಯ ಸುದ್ದಿ ಆಗಿರಲಿಲ್ಲ. ವರ್ಡ್ 2007ರ ಹೊತ್ತಿಗೆ ಈ ಸೌಲಭ್ಯವನ್ನೇ ತೆಗೆದುಹಾಕಿದರು.

ಹೆಸರಿನ ಕೊನೆಗೆ ಡಾಕ್ ಅಂತ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಂದುಕೊಳ್ಳಬೇಡಿ. ವರ್ಡ್ 95ರ ಡಾಕ್ ಬೇರೆ, ವರ್ಡ್ 97ರ ಡಾಕ್ ಬೇರೆ. ಹೊಸದನ್ನು ಹಳೆಯದು ನೇರವಾಗಿ ಓದುತ್ತಿರಲಿಲ್ಲ. ತಮಾಷೆಯೆಂದರೆ ವರ್ಡ್ 97 ಮೊದಲು ಬಂದಾಗ 'ಹಳೆಯ ವರ್ಡ್‌ಗೆ ಸೇವ್ ಮಾಡು' ಅಂದರೆ ಅದು ಒಳಗೊಳಗೆ ಆರ್‌ಟಿಎಫ್ ಅನ್ನುವ ಬೇರೆಯದೇ ಮಾದರಿಯ ಫೈಲು ಬರೆದು ಡಾಕ್ ಅಂತ ಹೆಸರಿಟ್ಟು ಕೊಡುತ್ತಿತ್ತು.

ಆದ್ದರಿಂದ ಫೈಲಿನ ಹೆಸರಿಗಿಂತ ಅದರ ಮೊದಲ ಕೆಲವು ಬೈಟ್‌ಗಳನ್ನು ನಂಬುವುದು ವಾಸಿ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಸೇವ್ ಮಾತ್ರ ಮಾಡಬೇಡಿ. ಶುರುವಿನಲ್ಲಿ ಪಿ ಮತ್ತು ಕೆ ಕಂಡರೆ ಅದು ಜಿಪ್, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಬಹುಶಃ ವರ್ಡ್‌ನ ಹೊಸ ಮಾದರಿಯಾದ ಡಾಕ್ಸ್, ಅಥವಾ ಲಿಬ್ರೆ ಆಫೀಸ್ ಅನ್ನುವ ಮುಕ್ತ ಪ್ರೋಗ್ರಾಂನ ಒಡಿಟಿ ಫೈಲು. ಆ ಎರಡಕ್ಷರ ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಪುಷ್ಪಾವರಣದ ({) ನಂತರ ಒಂದು ಓರೆಗೀಟು, ಆಮೇಲೆ ಆರ್‌ಟಿಎಫ್ ಅಂತ ಇದ್ದರೆ ಅದು ಆರ್‌ಟಿಎಫ್. ಬರೀ ಗೋಜಲು ಕಂಡರೆ ಹಳೆಯ ಡಾಕ್ ಇರಬಹುದು. ಹೆಕ್ಸ್, ಅಂದರೆ ಬೈಟ್‌ಗಳ ಸಂಖ್ಯೆಯನ್ನೇ ತೋರಿಸುವ ಪ್ರೋಗ್ರಾಂ ಇದ್ದವರು ಅದರ ಆರಂಭದಲ್ಲಿ ಡಿ0 ಸಿಎಫ್ 11 ಇ0 ಅಂತ ನೋಡಬಹುದು. ಸ್ವಲ್ಪ ಕಣ್ಣು ಕಿರಿದು ಮಾಡಿ ಓದಿದರೆ ಇಂಗ್ಲಿಷಿನಲ್ಲಿ 'ಡಾಕ್‌ಫೈಲ್' ಅಂದ ಹಾಗೆ ಕಾಣುತ್ತದೆ. ಇಂಜಿನಿಯರುಗಳ ಹಾಸ್ಯ.

ಡಾಕ್ಸ್ ಬಂದದ್ದು ವರ್ಡ್ 2007ರ ಜೊತೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ ಅಂತ ನಾನು ನಂಬಿದ್ದೇನೆ. ಯಾವುದಾದರೂ ಡಾಕ್ಸ್ ಫೈಲಿನ ನಕಲು ಮಾಡಿ, ಹೆಸರಿನ ಕೊನೆಗೆ ಜಿಪ್ ಅಂತ ಹಾಕಿ ಬಿಚ್ಚಿ ನೋಡಿ. ಒಳಗೆ ನಿಮ್ಮ ಮಾತುಗಳು ಸಾದಾ ಅಕ್ಷರದಲ್ಲೇ ಕಾಣುತ್ತವೆ, ಸುತ್ತ ಎಕ್ಸ್‌ಎಂಎಲ್ ಟ್ಯಾಗುಗಳು, ಅಂದರೆ ಯಾವುದು ಏನು ಅಂತ ಹೇಳುವ ಚೀಟಿಗಳು. ವರ್ಡ್ ಇಲ್ಲದಿದ್ದರೂ ಮಾತು ಸಿಗುತ್ತದೆ. 2006ರಲ್ಲಿ ಮಾನಕಗಳನ್ನು ರೂಪಿಸುವ ಎಕ್ಮಾ ಸಂಸ್ಥೆ ಇದನ್ನು ಮಾನಕ ಅಂತ ಪ್ರಕಟಿಸಿತು, 2008ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಕೂಡ ಒಪ್ಪಿತು. ಭಾರತ ವಿರುದ್ಧ ಮತ ಹಾಕಿತ್ತು. ಆಕ್ಷೇಪಗಳು ಸುಮ್ನೆ ಬಂದವಲ್ಲ. ಮೊದಲ ಆವೃತ್ತಿಯೇ 6,000 ಪುಟ ದಾಟಿತ್ತು. ಅಷ್ಟು ಪುಟಗಳಲ್ಲೂ 'ವರ್ಡ್ 95 ಜಾಗ ಬಿಡುತ್ತಿದ್ದ ಹಾಗೆ ಜಾಗ ಬಿಡು', 'ವರ್ಡ್ 6 ಸಾಲು ಮುರಿಯುತ್ತಿದ್ದ ಹಾಗೆ ಮುರಿ' ಅನ್ನುವಂಥ ಸೂಚನೆಗಳಿದ್ದವು. ವರ್ಡ್ 95 ಹೇಗೆ ಜಾಗ ಬಿಡುತ್ತಿತ್ತು ಅನ್ನುವ ವಿವರ ಮಾತ್ರ ಅಲ್ಲಿರಲಿಲ್ಲ! ಹೊಸದಾಗಿ ಪ್ರೋಗ್ರಾಂ ಬರೆಯುವವರು ಏನು ಮಾಡಬೇಕು ಹೇಳಿ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವರ್ಡ್ ಫೈಲಿನಲ್ಲಿ ಪುಟಗಳು ಇರುವುದಿಲ್ಲ. ಪ್ಯಾರಾಗಳಿರುತ್ತವೆ, ಅಂಚು ಇಷ್ಟು, ಫಾಂಟ್ ಇಂಥದ್ದು ಅನ್ನುವ ಸೂಚನೆ ಇರುತ್ತದೆ. ಸಾಲು ಎಲ್ಲಿ ಮುಗಿಯಬೇಕು, ಪುಟ ಎಲ್ಲಿ ಮುರಿಯಬೇಕು ಅನ್ನುವುದನ್ನು ಪ್ರತಿ ಸಲ ತೆರೆದಾಗಲೂ ಪ್ರೋಗ್ರಾಂ ಹೊಸದಾಗಿ ಲೆಕ್ಕ ಹಾಕುತ್ತದೆ. ಈ ಲೆಕ್ಕ ನಿಂತಿರುವುದು ಫಾಂಟಿನ ಅಳತೆಯ ಮೇಲೆ. ಕ್ಯಾಲಿಬ್ರಿ ಇಲ್ಲದ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಬಂದು ಕೂತರೆ, ಒಂದೊಂದು ಅಕ್ಷರ ಕೂದಲೆಳೆಯಷ್ಟು ಅಗಲವಾದರೂ ಸಾಕು, ಒಂದು ಪದ ಕೆಳಗಿನ ಸಾಲಿಗೆ ಜಾರುತ್ತದೆ, ಆ ಸಾಲು ಪ್ಯಾರಾವನ್ನು ಉದ್ದ ಮಾಡುತ್ತದೆ, ಪ್ಯಾರಾ ಟೇಬಲ್ಲನ್ನು ಮುಂದಿನ ಪುಟಕ್ಕೆ ತಳ್ಳುತ್ತದೆ. ಇದಕ್ಕೇ ಅಂತ ಕಾರ್ಲಿಟೊ ಅನ್ನುವ ಮುಕ್ತ ಫಾಂಟ್ ಇದೆ. ನೋಡಲು ಬೇರೆ, ಅಗಲದಲ್ಲಿ ಕ್ಯಾಲಿಬ್ರಿಯ ತದ್ರೂಪು. ಯೂನಿಕೋಡ್ ಅಂದರೆ ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ. ಆ ಯೂನಿಕೋಡ್ ಕನ್ನಡದಲ್ಲೂ ತುಂಗಾ ಫಾಂಟ್ ಹೋಗಿ ನಿರ್ಮಲಾ ಅಥವಾ ನೋಟೊ ಬಂದರೆ ಸಾಲಿನ ಎತ್ತರವೇ ಬದಲಾಗುತ್ತದೆ, ಯಾಕೆಂದರೆ ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಫಾಂಟ್ ಮಾಡಿದವರ ತೀರ್ಮಾನ.

ಇದೆಲ್ಲ ಅಂದದ ಮಾತಾಯಿತು. ಇನ್ನು ಅಕ್ಷರವೇ ಮಾಯವಾಗುವ ವಿಷಯ.

ವಿಂಡೋಸ್‌ನಲ್ಲಿ ಕನ್ನಡಕ್ಕೆ ಯೂನಿಕೋಡ್ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೂ ಮೊದಲೇ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿದ್ದರಲ್ಲ? ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ. ಇವೆಲ್ಲ ಒಂದು ಜಾಣ ಉಪಾಯ ಮಾಡಿದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಅವುಗಳ ಚಿತ್ರವನ್ನು ಮಾತ್ರ ಕನ್ನಡದ್ದು ಮಾಡಿದವು. ವರ್ಡ್ ಮಟ್ಟಿಗೆ ನೀವು ಬರೆಯುತ್ತಿರುವುದು ಯಾವುದೋ ಅರ್ಥವಿಲ್ಲದ ಯುರೋಪಿಯನ್ ಪಠ್ಯ. ಕನ್ನಡ ಇದ್ದದ್ದು ಫಾಂಟಿನಲ್ಲಿ.

ನುಡಿಯಲ್ಲಿ 'ಕನ್ನಡ' ಅಂತ ಬರೆದರೆ ಫೈಲಿಗೆ ಹೋಗುವುದು ಈ ಏಳು ಸಂಖ್ಯೆಗಳು: 80, 192, 163, 192, 223, 113, 192. ಇದರಲ್ಲಿ 80 ಅಂದರೆ ತಲೆಕಟ್ಟಿಲ್ಲದ ಕ, 192 ತಲೆಕಟ್ಟು, 163 ನ, 223 ನ ಒತ್ತು, 113 ಡ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿಗೆ 80 ಅಂದರೆ ಇಂಗ್ಲಿಷಿನ ಪಿ, 163 ಅಂದರೆ ಪೌಂಡ್ ಗುರುತು, 192 ಅಂದರೆ ಓರೆ ಗೀಟಿನ ಎ. ಅದು ತಪ್ಪು ಮಾಡುತ್ತಿಲ್ಲ, ಪಾಪ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿದೆ. ಅದೇ 'ಕನ್ನಡ' ಯೂನಿಕೋಡಿನಲ್ಲಿ ಐದು ಸಂಖ್ಯೆ: 3221, 3240, 3277, 3240, 3233. ಕ, ನ, ವಿರಾಮ (ಒತ್ತು ಕೂಡಿಸುವ ಗುರುತು), ನ, ಡ. ತಲೆಕಟ್ಟು, ಒತ್ತಿನ ಆಕಾರ ಯಾವುದೂ ಇಲ್ಲಿಲ್ಲ. ಒಂದು ಬರವಣಿಗೆಯ ಚಿತ್ರವನ್ನು ಕಾಪಾಡುತ್ತದೆ, ಇನ್ನೊಂದು ಬರವಣಿಗೆಯನ್ನೇ.

ಹೀಗಾಗಿ ಹಳೆಯ ನುಡಿ ಫೈಲನ್ನು ಡಾಕ್‌ನಿಂದ ಡಾಕ್ಸ್‌ಗೆ 'ಸೇವ್ ಆ್ಯಸ್' ಮಾಡಿ, ಸದ್ಯ ಬಚಾವಾದೆ ಅಂದುಕೊಂಡರೆ ಪ್ರಯೋಜನವಿಲ್ಲ. ಹೊರಗಿನ ಕವಚ ಹೊಸದಾಯಿತು, ಒಳಗಿನ 80, 192, 163 ಹಾಗೇ ಇವೆ. ಪಿಡಿಎಫ್ ಮಾಡಿದರೆ ನೋಡಲು ಚೆನ್ನಾಗಿರುತ್ತದೆ, ಫಾಂಟ್ ಅದರೊಳಗೇ ಸೇರಿರುತ್ತದೆ. ಆದರೆ ಅದರಲ್ಲಿ 'ಕನ್ನಡ' ಅಂತ ಹುಡುಕಿದರೆ ಸಿಗುವುದಿಲ್ಲ. ಕಾಪಿ ಮಾಡಿ ಅಂಟಿಸಿದರೆ ಮತ್ತೆ ಪೌಂಡ್ ಗುರುತು.

ಪರಿವರ್ತಿಸಬೇಕು. ಅರವಿಂದ ವಿ.ಕೆ. ಬರೆದ ಆಸ್ಕಿ-ಯೂನಿಕೋಡ್ ಪರಿವರ್ತಕ ಬಹಳ ಜನ ಬಳಸುವಂಥದ್ದು. ನುಡಿಯಂಥ ಹಳೆಯ ಪದ್ಧತಿಗೆ ರೂಢಿಯ ಹೆಸರು ಆಸ್ಕಿ. ಒಂದಕ್ಕೆ ಒಂದು ಬದಲಿಸಿದರೆ ಆಯಿತಲ್ಲ, ಅದರಲ್ಲೇನು ಕಷ್ಟ ಅನ್ನಿಸಬಹುದು. ಕಷ್ಟ ಇದೆ. ನುಡಿಯಲ್ಲಿ 170, 192 ಬಂದರೆ ವ. ಅದರ ಮುಂದೆ 196 ಬಂದರೆ ಮ, ಯಾಕೆಂದರೆ ಮ ಬರೆಯುವುದೇ ವ ಆಕಾರಕ್ಕೆ ಕೊಂಬು ಹಚ್ಚಿ. 197 ಬಂದರೆ ವು. ಮೂರನ್ನೂ ಒಟ್ಟಿಗೆ ನೋಡದೆ ತೀರ್ಮಾನ ಮಾಡುವ ಹಾಗಿಲ್ಲ. ಇನ್ನು ಅರ್ಕಾವತ್ತು. 'ಸೂರ್ಯ' ಪದದಲ್ಲಿ ಅದನ್ನು ಬರೆಯುವುದು ಯ ಆದ ಮೇಲೆ, ನುಡಿ ಫೈಲಿನಲ್ಲೂ ಅದೇ ಕ್ರಮ. ಉಚ್ಚಾರದಲ್ಲಿ ರ ಮೊದಲು, ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ. ಪರಿವರ್ತಕ ಹಿಂದಕ್ಕೆ ಹೋಗಿ ಜಾಗ ಬದಲಿಸಬೇಕು. 'ರ‍್ಯಾಂಕ್' ಅಂಥ ಪದದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತವನ್ನೂ ನಡುವೆ ತೂರಿಸಬೇಕು, ಇಲ್ಲದಿದ್ದರೆ ಅಲ್ಲೂ ಅರ್ಕಾವತ್ತು ಬಂದು ಕೂರುತ್ತದೆ.

ಇದಕ್ಕಿಂತ ಜಾಸ್ತಿ ತಲೆನೋವು ಇಂಗ್ಲಿಷ್ ಬೆರೆತ ಫೈಲುಗಳದ್ದು. ನಡುವೆ ಇಂಗ್ಲಿಷಿನ ದೊಡ್ಡ ಪಿ ಬಂದರೆ ಅದೂ 80, ಕನ್ನಡದ ಕ ಕೂಡ 80. ಬರೀ ಪಠ್ಯ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಫಾಂಟಿನ ಹೆಸರಿನಲ್ಲಿ. ವರ್ಡ್ ಫೈಲು ಪ್ರತಿ ತುಣುಕಿಗೂ ಇದು 'ನುಡಿ 01 ಇ', ಇದು 'ಟೈಮ್ಸ್ ನ್ಯೂ ರೋಮನ್' ಅಂತ ಬರೆದಿಟ್ಟಿರುತ್ತದೆ. ಅಂದರೆ ನಾವು ಬರೀ ಅಲಂಕಾರ ಅಂದುಕೊಂಡಿದ್ದ ಆ ಫಾಂಟಿನ ಹೆಸರೇ ಇಲ್ಲಿ ಬೀಗದ ಕೈ. ಹಳೆಯ ಫೈಲಿನಿಂದ ಪಠ್ಯವನ್ನು ನೋಟ್‌ಪ್ಯಾಡಿಗೆ ಅಂಟಿಸಿ ಸೇವ್ ಮಾಡಿ, ಮೂಲ ಫೈಲನ್ನು ಎಸೆದವರು ಆ ಕೈಯನ್ನೂ ಎಸೆದ ಹಾಗೆ. 'ಸೆಲೆಕ್ಟ್ ಆಲ್' ಮಾಡಿ ಎಲ್ಲಕ್ಕೂ ಒಂದೇ ಫಾಂಟ್ ಕೊಟ್ಟು ಸೇವ್ ಮಾಡಿದವರದ್ದೂ ಅದೇ ಕಥೆ.

ವರ್ಡ್‌ನ ಆಟೋಕರೆಕ್ಟ್ ಕೂಡ ತನ್ನ ಕೈಲಾದಷ್ಟು ಹಾಳು ಮಾಡುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು ಅದರ ಅಭ್ಯಾಸ. ನುಡಿಯಲ್ಲಿ ಸಣ್ಣ ಕ್ಯೂ ಅಂದರೆ ಡ, ದೊಡ್ಡ ಕ್ಯೂ ಅಂದರೆ ಕಿ. ಡಬ್ಬ ಅಂತ ಶುರು ಮಾಡಿದ ವಾಕ್ಯದಲ್ಲಿ ಡ ಹೋಗಿ ಕಿ ಬಂದು ಕೂತರೆ ಆಶ್ಚರ್ಯಪಡಬೇಡಿ. ಹಳೆಯ ಫೈಲು ತಿದ್ದುವ ಮೊದಲು ಆ ಆಯ್ಕೆ ತೆಗೆದುಬಿಡಿ.

ಹಳೆಯ ಡಾಕ್ ಫೈಲು ಹೊಸ ವರ್ಡ್‌ನಲ್ಲಿ ತೆರೆಯಲೇ ಇಲ್ಲ ಅಂದರೆ ಅದು ಹಾಳಾಗಿದೆ ಅಂತಲೇ ಅಲ್ಲ. ತೀರಾ ಹಳೆಯ ಮಾದರಿಯ ಫೈಲುಗಳನ್ನು ಸುರಕ್ಷತೆಯ ಕಾರಣಕ್ಕೆ ವರ್ಡ್ ಬೇಕೆಂದೇ ತಡೆಯುತ್ತದೆ. ವರ್ಡ್ 2003ಕ್ಕೆ ಬಂದ ಮೂರನೇ ಸರ್ವಿಸ್ ಪ್ಯಾಕಿನಲ್ಲೇ ಇದು ಶುರುವಾಯಿತು. ಅಂಥ ಫೈಲನ್ನು ಲಿಬ್ರೆ ಆಫೀಸಿನಲ್ಲಿ ಒಮ್ಮೆ ಪ್ರಯತ್ನಿಸಿ, ಎಷ್ಟೋ ಸಲ ತೆರೆದುಕೊಳ್ಳುತ್ತದೆ. ತೆರೆದ ಮೇಲೆ ಯಾವ ಫಾಂಟ್ ಅಂತ ನೋಡಿಕೊಳ್ಳಿ. ನುಡಿ, ಬರಹಗಳ ಹಳೆಯ ಫಾಂಟ್‌ಗಳ ಸಂಖ್ಯೆಗಳು ಬಹುಮಟ್ಟಿಗೆ ಒಂದೇ, ಶ್ರೀಲಿಪಿಯದ್ದು ಬೇರೆ, ಒಂದರ ಪರಿವರ್ತಕ ಇನ್ನೊಂದಕ್ಕೆ ಆಗುವುದಿಲ್ಲ. ಮೂಲ ಫೈಲನ್ನು ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ಪರಿವರ್ತಿಸಿದ ಮೇಲೆ ಇಡೀ ಕಡತ ಓದಲು ಪುರುಸೊತ್ತಿಲ್ಲದಿದ್ದರೆ ಮ, ವು, ಅರ್ಕಾವತ್ತು, ಇಂಗ್ಲಿಷ್ ಪದಗಳು, ಅಂಕಿಗಳು ಇಷ್ಟನ್ನಾದರೂ ನೋಡಿ. ತಪ್ಪು ಉಳಿದಿದ್ದರೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ.